ಗಣಕಯಂತ್ರದ ವ್ಯವಸ್ಥೆಯನ್ನು ಬರೆದಿಡುವ ಬಗೆ



ಹೊಟ್ಟೆಪಾಡಿಗಾಗಿ ಭೋರಕ್ಕೆ ಬಂದವರು ನಾವು. ಇಂದು ಇಲ್ಲಿ, ನಾಳೆ ಬೇರೊಂದೆಡೆ. ವಾಚನಾಲಯದ ಗಣಕಯಂತ್ರವನ್ನು ಯಾರೋ ಒಬ್ಬರು ಶ್ರಮಪಟ್ಟು ಸಜ್ಜುಗೊಳಿಸುವರು. ಅವರಿಗೆ ವರ್ಗವಾದರೆ ಆ ತಿಳಿವಳಿಕೆಯೂ ಅವರ ಸಂಗಡ ಎಸ್.ಟಿ. ಹತ್ತಿ ಹೋಗುವುದು. ಗಿರಣಿಯ ಲೆಕ್ಕ ಕಾರಕೂನನ ತಲೆಯಲ್ಲಿರದೆ ಕೀರ್ದಿಯಲ್ಲಿರುವಂತೆ, ಯಂತ್ರದ ವ್ಯವಸ್ಥೆಯೂ ಬರವಣಿಗೆಯಲ್ಲಿರಬೇಕು. ಅದಕ್ಕೆ ತಕ್ಕ ಸಾಧನ ನಿಕ್ಸ್‌ಓಎಸ್ ಎಂಬ ಲಿನಕ್ಸ್.

೧. ತತ್ತ್ವ

ಹಾಲೆಂಡಿನ ಉಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ ಎಲ್ಕೊ ಡೋಲ್‌ಸ್ಟ್ರಾ ಎಂಬವರು ೨೦೦೩ರಲ್ಲಿ ನಿಕ್ಸ್ ಎಂಬ ಕೆಲಸವನ್ನು ಆರಂಭಿಸಿ, ೨೦೦೬ರಲ್ಲಿ ಅದರ ಮೇಲೆ ಪ್ರಬಂಧ ಬರೆದರು. ನಿಕ್ಸ್‌ಓಎಸ್ ಅದರ ಮೇಲೆಯೇ ನಿಂತಿದೆ. ಇದಕ್ಕೆ ಬೆಲೆಯಿಲ್ಲ.

ಖಾನಾವಳಿಯಲ್ಲಿ ನಾವು ಬೇಕಾದ ಊಟವನ್ನಷ್ಟೇ ಹೇಳುತ್ತೇವೆ. ಒಲೆ ಹೊತ್ತಿಸು, ಹಿಟ್ಟು ಕಲಸು ಎನ್ನುವುದಿಲ್ಲ. ಇಲ್ಲಿಯೂ ಹಾಗೆಯೇ. ಯಂತ್ರದಲ್ಲಿ ಏನೇನಿರಬೇಕೆಂದು ಒಂದು ಕಡತದಲ್ಲಿ ಯಾದಿ ಬರೆದರೆ, ಅದರಂತೆ ಅಣಿಗೊಳಿಸುವುದು ಯಂತ್ರದ ಕೆಲಸ.

೨. ಸ್ಥಾಪನೆ

೨೦೨೫ರ ಅಕ್ಟೋಬರ್ ೧೪ರಂದು ವಿಂಡೋಸ್ ೧೦ಕ್ಕೆ ಸಾಮಾನ್ಯ ಬೆಂಬಲ ಮುಗಿಯಿತು; ವಿಂಡೋಸ್ ೧೧ ಅನೇಕ ಹಳೆಯ ಯಂತ್ರಗಳನ್ನು ಒಪ್ಪದು. ಅಂಥ ೬೪ ಬಿಟ್ ಯಂತ್ರವನ್ನು ಇದಕ್ಕೆ ಬಳಸಬಹುದು. ಮೊದಲು ಅದರಲ್ಲಿಯ ಕಾಗದಪತ್ರ, ಫೋಟೋಗಳನ್ನು ಬೇರೆಡೆ ನಕಲು ಮಾಡಿರಿ. ಡಿಸ್ಕನ್ನು ಪೂರ್ತಿ ಅಳಿಸಲು ಒಪ್ಪಿದರೆ ಎಲ್ಲವೂ ಹೋಗುವುದು. ನಿಕ್ಸ್‌ಓಎಸ್ಸನ್ನು ಪೆನ್‌ಡ್ರೈವಿಗೆ ಬರೆದು, ಅದರಿಂದ ಯಂತ್ರವನ್ನು ಚಾಲೂ ಮಾಡಬೇಕು. ಸಮಯಕ್ಕೆ ಏಷ್ಯಾ-ಕೋಲ್ಕತಾ ಎಂದು ಆರಿಸಿ, ಹೆಸರು, ಗುಪ್ತಪದ ಕೊಟ್ಟು, ಕೇಳಿದ್ದಕ್ಕೆ ಉತ್ತರಿಸುತ್ತ ಹೋದರಾಯಿತು.

೩. ಕಡತ

ಮುಖ್ಯ ಕಡತದ ಹೆಸರು ಕಾನ್ಫಿಗರೇಷನ್.ನಿಕ್ಸ್. ಅದರ ಮಾತುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯತಕ್ಕದ್ದು. ಮುದ್ರಣಕ್ಕೆ 'ಸರ್ವಿಸಸ್.ಪ್ರಿಂಟಿಂಗ್.ಎನೇಬಲ್ = ಟ್ರೂ;' ಎಂಬ ಒಂದು ಸಾಲು ಮೊದಲ ಹೆಜ್ಜೆ. ಕೊನೆಯ ಅರ್ಧವಿರಾಮವನ್ನು ಬಿಡಬಾರದು. ಹೀಗೆಯೇ ಲಿಬ್ರೆಆಫೀಸ್, ಫೈರ್‌ಫಾಕ್ಸ್, ನೋಟೋ ಅಕ್ಷರಗಳನ್ನು ಸೇರಿಸಿರಿ. ಕನ್ನಡ ಟೈಪಿಗೆ ಐಬಸ್ಸನ್ನೂ ಅದರ ಎಂ೧೭ಎನ್ ಭಾಗವನ್ನೂ ಬರೆದರೆ, ಇನ್‌ಸ್ಕ್ರಿಪ್ಟ್ ಮತ್ತು ಕನ್ನಡ ಗಣಕ ಪರಿಷತ್ತಿನ ಕೆ.ಜಿ.ಪಿ. ವಿನ್ಯಾಸಗಳು ದೊರೆಯುವವು.

ಬರೆದಾದ ಮೇಲೆ 'ಸುಡೋ ನಿಕ್ಸ್‌ಓಎಸ್-ರೀಬಿಲ್ಡ್ ಸ್ವಿಚ್' ಎಂದು ಆಜ್ಞೆ ಕೊಡಬೇಕು. ಬರಹ ತಪ್ಪಿದ್ದರೆ ಯಂತ್ರ ಅದನ್ನು ತೋರಿಸಿ ನಿಲ್ಲುವುದು. ಮೊದಲಿನ ವ್ಯವಸ್ಥೆಗೆ ಧಕ್ಕೆಯಿಲ್ಲ. ಹೊಸದನ್ನು ಹಳೆಯದರ ಪಕ್ಕದಲ್ಲಿಡುವುದೇ ಹೊರತು ಹಳೆಯದರ ಮೇಲೆ ಬರೆಯುವುದಿಲ್ಲ. ಆದುದರಿಂದ ನಡುವೆ ಕರೆಂಟು ಹೋದರೂ ಭಯವಿಲ್ಲ. ಹೊಸತು ಸರಿಬಾರದಿದ್ದರೆ, ಯಂತ್ರ ಚಾಲೂ ಆಗುವಾಗ ಕಾಣುವ ಪಟ್ಟಿಯಿಂದ ಹಿಂದಿನ ವ್ಯವಸ್ಥೆಯನ್ನು ಆರಿಸಿಕೊಳ್ಳಬಹುದು.

೪. ಎಚ್ಚರಿಕೆಗಳು

ಹೀಗೆ ಹಿಂದಕ್ಕೆ ಹೋಗುವುದು ವ್ಯವಸ್ಥೆಗೆ ಮಾತ್ರ. ಅಳಿಸಿದ ಅರ್ಜಿ ಅದರಿಂದ ಮರಳಿ ಬಾರದು. ನಮ್ಮ ಕಾಗದಪತ್ರಗಳಿಗೆ ಬೇರೆ ನಕಲು ಬೇಕು. ಕಡತದಲ್ಲಿ ಗುಪ್ತಪದ ಬರೆಯಬೇಡಿರಿ. ಮುಖ್ಯ ಕಡತದ ನಕಲನ್ನು ಪೆನ್‌ಡ್ರೈವಿನಲ್ಲಿಯೂ ಕಾಗದದಲ್ಲಿಯೂ ಇಡಿರಿ. ಯಂತ್ರ ಬದಲಾದರೆ ಹಾರ್ಡ್‌ವೇರ್ ಕಡತವನ್ನೂ 'ಬೂಟ್' ಎಂದು ಆರಂಭವಾಗುವ ಸಾಲುಗಳನ್ನೂ ಹೊಸ ಯಂತ್ರದವನ್ನೇ ಉಳಿಸಿಕೊಂಡು, ಮಿಕ್ಕ ಯಾದಿಯನ್ನು ತಂದು ಹಾಕಬೇಕು. ವರ್ಷಕ್ಕೆರಡು ಆವೃತ್ತಿಗಳು ಬರುವವು. ಒಂದೊಂದಕ್ಕೆ ಸುಮಾರು ಏಳು ತಿಂಗಳ ಬೆಂಬಲವಿರುವುದರಿಂದ ಕಾಲಕಾಲಕ್ಕೆ ಹೊಸದಕ್ಕೆ ಏರಬೇಕು.

ಕಡೆಯದಾಗಿ ಒಂದು ಮಾತು. # ಗುರುತಿನ ಮುಂದೆ ಬರೆದುದನ್ನು ಯಂತ್ರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ನಮ್ಮ ಮುಂದಿನವರಿಗಾಗಿರುವ ಜಾಗ. ಯಾವ ಸಾಲನ್ನು ಯಾವ ದಿನ ಏಕೆ ಸೇರಿಸಿದಿರೆಂದು ಅಲ್ಲಿ ಕನ್ನಡದಲ್ಲಿಯೇ ಬರೆಯಿರಿ.

ಅಭ್ಯಾಸ: ವಾಚನಾಲಯದ ಯಂತ್ರದಲ್ಲಿ ನಿಮಗೆ ಬೇಕಾದ ಐದು ಸೌಕರ್ಯಗಳ ಯಾದಿ ಮಾಡಿ, ಪ್ರತಿಯೊಂದರ ಕಾರಣವನ್ನು ಒಂದು ಸಾಲಿನಲ್ಲಿ ಬರೆದು ತನ್ನಿರಿ.