ಕಿರಿದಾಗದ ನೀರು

ತಿರುಮಕೂಡಲು ನರಸೀಪುರದಲ್ಲಿ ಕಪಿಲೆಯು ಕಾವೇರಿಯನ್ನು ಕೂಡುವೆಡೆ ಹರಿಗೋಲಿನಲ್ಲಿ ಹೊಳೆ ದಾಟುವುದು ಬಹುಕಾಲದ ರೂಢಿ. ಬಿದಿರಿನ ದಬ್ಬೆಗಳನ್ನು ದುಂಡಗೆ ಹೆಣೆದು, ಹಿಂದೆ ತೊಗಲನ್ನೂ ಈಚೆಗೆ ಪ್ಲಾಸ್ಟಿಕ್ ಹಾಳೆಯನ್ನೂ ಹೊದಿಸಿ ಮಾಡುವ ಇದಕ್ಕೆ ಹಿಂದುಮುಂದುಗಳಿಲ್ಲ. ಅಂಬಿಗನು ಹುಟ್ಟು ಹಾಕುವುದನ್ನು ಬಿಟ್ಟನೆಂದರೆ ಬುಗುರಿಯಂತೆ ತಿರುಗತೊಡಗುತ್ತದೆ. ಎಂಟು ಮಂದಿಯನ್ನು ಹೊರಬಲ್ಲ ಹರಿಗೋಲೊಂದು ಇದೆಯೆಂದುಕೊಳ್ಳೋಣ. ಅದರ ಎಲ್ಲ ಅಳತೆಗಳನ್ನೂ ಸರಿಯಾಗಿ ಅರ್ಧಕ್ಕಿಳಿಸಿ ಇನ್ನೊಂದನ್ನು ಹೆಣೆದರೆ ಅದರಲ್ಲಿ ಎಷ್ಟು ಮಂದಿ ಹೋಗಬಹುದು? ನಾಲ್ವರೆಂದು ಹೇಳುವವರೇ ಹೆಚ್ಚು. ಆದರೆ ಅದು ಹೊರುವುದು ಒಬ್ಬನನ್ನು ಮಾತ್ರ. ಉದ್ದ, ಅಗಲ, ಆಳ ಮೂರೂ ಅರ್ಧವಾದಾಗ ಅದು ಸರಿಸುವ ನೀರು ಎಂಟರಲ್ಲಿ ಒಂದು ಪಾಲಾಗುತ್ತದೆ. ಅಂಬಿಗರು ಈ ಲೆಕ್ಕವನ್ನು ಕಾಗದದ ಮೇಲೆ ಮಾಡುವುದಿಲ್ಲ. ಅದನ್ನು ಮರೆತು ಜನರನ್ನು ಹತ್ತಿಸಿಕೊಳ್ಳುವುದೂ ಇಲ್ಲ.

ಇದೇ ಲೆಕ್ಕವು ದೂರದ ಸಮುದ್ರಗಳಲ್ಲಿ ಪಂದ್ಯದ ಹಾಯಿನೌಕೆಗಳ ಸೋಲುಗೆಲುವುಗಳನ್ನು ನಿರ್ಣಯಿಸಿದೆ. ಯಾಟ್ ಎಂದು ಕರೆಯುವ ಇಂತಹ ನೌಕೆಗಳಲ್ಲಿ ಬಹು ಪ್ರಸಿದ್ಧವಾದುದು ‘ಅಮೆರಿಕ’ ಎಂಬ ಹೆಸರಿನದು. ಜಾರ್ಜ್ ಸ್ಟೀರ್ಸ್ ಎಂಬಾತನು ರೂಪಿಸಿದ ಈ ನೌಕೆ ನ್ಯೂಯಾರ್ಕಿನಲ್ಲಿ ಸಿದ್ಧವಾಗಿ, ಅಟ್ಲಾಂಟಿಕ್ ಸಾಗರವನ್ನು ದಾಟಿ, 1851ರ ಆಗಸ್ಟ್ 22ರಂದು ಇಂಗ್ಲೆಂಡಿನ ವೈಟ್ ದ್ವೀಪವನ್ನು ಸುತ್ತುವ ಪಂದ್ಯದಲ್ಲಿ ಬ್ರಿಟಿಷ್ ನೌಕೆಗಳನ್ನು ಹಿಂದಿಕ್ಕಿತು. ಗೆದ್ದ ಬೆಳ್ಳಿಯ ಪಾತ್ರೆಗೆ ‘ಅಮೆರಿಕಾಸ್ ಕಪ್’ ಎಂಬ ಹೆಸರು ಬಂದುದು ದೇಶದಿಂದಲ್ಲ, ಈ ನೌಕೆಯಿಂದ. 1942ರಲ್ಲಿ ಅದನ್ನಿರಿಸಿದ್ದ ಕೊಟ್ಟಿಗೆಯ ಚಾವಣಿಯು ಹಿಮದ ಭಾರಕ್ಕೆ ಕುಸಿದುಬಿದ್ದಿತು. 1945ರಲ್ಲಿ ಅಳಿದುಳಿದುದನ್ನು ಒಡೆದುಹಾಕಿದರು. ಮೂಲ ನೌಕೆಯನ್ನು ಇಂದು ನೋಡುವಂತಿಲ್ಲ. ಅದರ ಕಿರುಮಾದರಿಗಳನ್ನು ಮಾತ್ರ ಕುಶಲಿಗಳು ಈಗಲೂ ಮಾಡುತ್ತಿದ್ದಾರೆ.

ಕಿರುಮಾದರಿಯೆಂಬುದು ನೌಕೆ ಅಳಿದ ಮೇಲೆ ಹುಟ್ಟುವ ಸ್ಮಾರಕವಷ್ಟೇ ಅಲ್ಲ. ಆ ಕಾಲದ ಅನೇಕ ಶಿಲ್ಪಿಗಳು ನೌಕೆಯನ್ನು ಕಟ್ಟುವ ಮೊದಲೇ ಅದರ ಒಡಲಿನ ಅರ್ಧಭಾಗವನ್ನು ಮರದಲ್ಲಿ ಚಿಕ್ಕದಾಗಿ ಕೆತ್ತುತ್ತಿದ್ದರು. ಎಡಬಲಗಳೆರಡೂ ಒಂದೇ ರೂಪದವಾದ್ದರಿಂದ ಅರ್ಧವೇ ಸಾಕು. ಅದರ ಪದರಗಳನ್ನು ಬಿಡಿಸಿ ಅಳೆದು, ಅಳತೆಗಳನ್ನು ಹಿಗ್ಗಿಸಿ, ನಿಜವಾದ ನೌಕೆಯ ಪಕ್ಕೆಮರಗಳನ್ನು ಕತ್ತರಿಸುತ್ತಿದ್ದರು.

ಈಗ ‘ಅಮೆರಿಕ’ದ ಮಾದರಿಯನ್ನು 64ರಲ್ಲಿ ಒಂದರ ಪ್ರಮಾಣದಲ್ಲಿ ಮಾಡಿದರೆನ್ನೋಣ. ಸುಮಾರು 31 ಮೀಟರ್ ಉದ್ದದ ಒಡಲು ಅರ್ಧ ಮೀಟರಿಗೆ ಇಳಿಯುತ್ತದೆ. ಅದರ ಮೇಲೆ ನಿಲ್ಲಬೇಕಾದ ಐದು ಅಡಿ ನಾಲ್ಕು ಅಂಗುಲದ ನಾವಿಕನು ಸರಿಯಾಗಿ ಒಂದು ಅಂಗುಲದವನಾಗುತ್ತಾನೆ. ಹಗ್ಗ, ರಾಟೆ, ಹಾಯಿಯ ಹೊಲಿಗೆ ಎಲ್ಲವೂ ಅಳತೆಗೆ ತಕ್ಕಂತೆ. ನೋಡುವವರ ಕಣ್ಣಿಗೆ ಕೊರತೆಯೇ ಕಾಣದು. ಆದರೆ ಅದನ್ನು ನಂಜನಗೂಡಿನ ಸ್ನಾನಘಟ್ಟದಿಂದ ಕಪಿಲೆಯಲ್ಲಿ ತೇಲಿಬಿಟ್ಟರೆ ಹದಿನಾರು ಕಾಲಿನ ಮಂಟಪವನ್ನು ಮುಟ್ಟುವ ಮೊದಲೇ ಮಗುಚಿಕೊಳ್ಳುವ ಸಂಭವವೇ ಹೆಚ್ಚು. ಹಾಯಿಯ ವಿಸ್ತೀರ್ಣ 4,096ರಲ್ಲಿ ಒಂದು ಪಾಲಾಗಿದೆ. ನೌಕೆಯ ತೂಕವಾದರೋ 2,62,144ರಲ್ಲಿ ಒಂದು ಪಾಲು. ಅದೇ ಗಾಳಿ ಬೀಸಿದಾಗ ಉರುಳಿಸುವ ಬಲದ ಮುಂದೆ ನೆಟ್ಟಗೆ ನಿಲ್ಲಿಸುವ ಬಲವು ಮೊದಲಿಗಿಂತ 64 ಪಟ್ಟು ದುರ್ಬಲವಾಗಿದೆ. ನೌಕೆಯನ್ನು ಕಿರಿದುಗೊಳಿಸಿದವರು ಗಾಳಿಯನ್ನು ಕಿರಿದುಗೊಳಿಸಲಿಲ್ಲ. ಆದಕಾರಣ ಕೆರೆಯಲ್ಲಿ ಮಾದರಿಗಳನ್ನು ಓಡಿಸುವವರು ಒಡಲಿನ ಕೆಳಗೆ ಆಳಕ್ಕಿಳಿಯುವ ಹಲಗೆಯನ್ನು ಜೋಡಿಸಿ ಅದರ ತುದಿಗೆ ಸೀಸ ಕಟ್ಟುತ್ತಾರೆ. ಅಳತೆಗೆ ನಿಷ್ಠವಾದ ಮಾದರಿ ಓಡದು. ಓಡುವ ಮಾದರಿ ಅಳತೆಗೆ ನಿಷ್ಠವಲ್ಲ.

ಹಾಗಾದರೆ ಮಾದರಿಯಿಂದ ದೊಡ್ಡ ನೌಕೆಯ ವೇಗವನ್ನು ತಿಳಿಯಲು ಸಾಧ್ಯವೆ? ಹತ್ತೊಂಬತ್ತನೆಯ ಶತಮಾನದ ಅನೇಕ ವಿದ್ವಾಂಸರು ಸಾಧ್ಯವಿಲ್ಲವೆಂದೇ ನಂಬಿದ್ದರು. ವಿಲಿಯಂ ಫ್ರೌಡ್ ಎಂಬ ಇಂಗ್ಲಿಷ್ ಇಂಜಿನಿಯರನು 1867ರಲ್ಲಿ ಡಾರ್ಟ್ ನದಿಯಲ್ಲಿ ‘ಹಂಸ’, ‘ಕಾಗೆ’ ಎಂಬರ್ಥದ ಹೆಸರುಗಳುಳ್ಳ ಎರಡು ಆಕಾರಗಳ ಮಾದರಿಗಳನ್ನು 3, 6, 12 ಅಡಿಗಳ ಅಳತೆಯಲ್ಲಿ ಮಾಡಿ ಎಳೆಸಿದನು. ಒಂದು ದುಂಡುಮೂತಿಯದು, ಇನ್ನೊಂದು ಚೂಪುಮೂತಿಯದು. ಚೂಪಾದುದೇ ಎಲ್ಲ ವೇಗದಲ್ಲಿಯೂ ಮೇಲಾಗಲಿಲ್ಲ. ಅದಕ್ಕಿಂತ ಮುಖ್ಯವಾದ ಸಂಗತಿ ಅಲೆಗಳಲ್ಲಿತ್ತು. ಅಳತೆಯು ನಾಲ್ಕು ಪಟ್ಟಾದಾಗ ವೇಗವನ್ನು ಎರಡು ಪಟ್ಟು ಮಾಡಿದರೆ ಚಿಕ್ಕದೂ ದೊಡ್ಡದೂ ಒಂದೇ ಬಗೆಯ ಅಲೆಗಳನ್ನು ಎಬ್ಬಿಸುತ್ತಿದ್ದವು. ಅಂದರೆ ವೇಗವನ್ನು ಅಳತೆಯ ವರ್ಗಮೂಲದಂತೆ ಬದಲಾಯಿಸಬೇಕು.

ಕೃಷ್ಣರಾಜಸಾಗರದಲ್ಲಿರುವ ಕರ್ನಾಟಕ ಇಂಜಿನಿಯರಿಂಗ್ ಸಂಶೋಧನಾ ಕೇಂದ್ರದಲ್ಲಿ ಅಣೆಕಟ್ಟುಗಳ ಕಿರುಮಾದರಿಗಳ ಮೇಲೆ ನೀರು ಹರಿಸಿ ಪರೀಕ್ಷಿಸುವುದರ ಹಿಂದೆಯೂ ಇರುವುದು ಈ ನಿಯಮವೇ. ನಂಜನಗೂಡಿನ ಬಳಿ ಕಪಿಲೆಯು ಸೆಕೆಂಡಿಗೆ 2 ಮೀಟರಿನಂತೆ ಹರಿಯುತ್ತಿದೆಯೆಂದು ಭಾವಿಸಿದರೆ, 25ರಲ್ಲಿ ಒಂದರ ಮಾದರಿಯಲ್ಲಿ ನೀರನ್ನು ಸೆಕೆಂಡಿಗೆ 40 ಸೆಂಟಿಮೀಟರಿನಂತೆ ಬಿಡಬೇಕು.

ಆದರೂ ಒಂದು ತೊಡಕು ಉಳಿಯಿತು. ಅಲೆಗಳು ಈ ನಿಯಮಕ್ಕೆ ಮಣಿಯುತ್ತವೆ. ನೀರಿನ ಸ್ನಿಗ್ಧತೆ ಮಣಿಯುವುದಿಲ್ಲ. ಮಾದರಿಯು ಚಿಕ್ಕದಾದಷ್ಟೂ ಅದರ ಪಾಲಿಗೆ ನೀರು ಹೆಚ್ಚು ಮಂದವಾದಂತೆ ವರ್ತಿಸುತ್ತದೆ. ಫ್ರೌಡನು ಘರ್ಷಣೆಯನ್ನು ಪ್ರತ್ಯೇಕವಾಗಿ ಲೆಕ್ಕ ಹಾಕಿ ತೊಡಕನ್ನು ತಕ್ಕಮಟ್ಟಿಗೆ ಬಿಡಿಸಿದನಾದರೂ ಆಕಾರವು ಹೊಸದಾದಾಗ ಅದು ಮತ್ತೆ ತಲೆಯೆತ್ತುತ್ತಿತ್ತು. 1974ರಲ್ಲಿ ಬ್ರಿಟನ್ ಚಾನ್ಸ್ ಎಂಬ ಸಮರ್ಥ ವಿನ್ಯಾಸಕಾರನು ರೂಪಿಸಿದ ‘ಮ್ಯಾರಿನರ್’ ನೌಕೆಯ ಹಿಂಭಾಗವನ್ನು ನೀರಿನ ಕೆಳಗೆ ಮೆಟ್ಟಿಲಿನಂತೆ ತುಂಡರಿಸಲಾಗಿತ್ತು. ತೊಟ್ಟಿಯಲ್ಲಿ ಮಾದರಿಯು ಆಸೆ ಹುಟ್ಟಿಸಿತು. ಕಡಲಿನಲ್ಲಿ ನೌಕೆಯು ಕಲಕಿದ ನೀರನ್ನು ಬೆನ್ನಿಗೆಳೆದುಕೊಂಡು ತೆವಳಿತು. ಅಪಾರ ಹಣ ವೆಚ್ಚವಾಗಿತ್ತು. ಹಿಂಭಾಗವನ್ನು ಹೊಸದಾಗಿ ಕಟ್ಟಿದರೂ ಅದು ಆಯ್ಕೆಯ ಪಂದ್ಯಗಳಲ್ಲಿಯೇ ಹೊರಬಿದ್ದಿತು.

ಬೆನ್ ಲೆಕ್ಸೆನ್ ಎಂಬ ಆಸ್ಟ್ರೇಲಿಯಾದ ವಿನ್ಯಾಸಕಾರನು 1981ರಲ್ಲಿ ಹಾಲೆಂಡಿನ ವಾಗೆನಿಂಗೆನ್ನಿನ ಪರೀಕ್ಷಾ ತೊಟ್ಟಿಗೆ ಹೋದಾಗ ಮಾದರಿಯನ್ನು ಮೂರರಲ್ಲಿ ಒಂದರಷ್ಟು ದೊಡ್ಡದಾಗಿ ಮಾಡಿಸಲಾಯಿತು. 27 ಟನ್ ತೂಗುವ ನೌಕೆಯ ಅಂತಹ ಮಾದರಿಯೇ ಒಂದು ಟನ್ ತೂಗಬೇಕು. ವೆಚ್ಚ ಬಹಳ, ಆದರೆ ನೀರು ಕೊಡುವ ಉತ್ತರ ಹೆಚ್ಚು ನಂಬಲರ್ಹ. ನೌಕೆಯ ಅಡಿಯಲ್ಲಿ ಮೀನಿನ ಈಜುರೆಕ್ಕೆಯಂತೆ ಇಳಿದಿರುವ ಭಾರವಾದ ಭಾಗವನ್ನು ಕೀಲ್ ಎನ್ನುವರು. ಸಾಮಾನ್ಯವಾಗಿ ಅದು ಮೇಲೆ ಅಗಲವಾಗಿ ಕೆಳಗೆ ಕಿರಿದಾಗಿರುತ್ತದೆ. ಇಲ್ಲಿ ಅದನ್ನು ತಲೆಕೆಳಗು ಮಾಡಿ, ತುದಿಯಲ್ಲಿ ಎರಡು ರೆಕ್ಕೆಗಳನ್ನಿಟ್ಟರು. ಭಾರವು ಇನ್ನೂ ಕೆಳಗಿಳಿಯಿತು. ಒಂದು ಬದಿಯ ಒತ್ತಡದ ನೀರು ತುದಿಯನ್ನು ಬಳಸಿ ಇನ್ನೊಂದು ಬದಿಗೆ ನುಸುಳುವುದನ್ನು ರೆಕ್ಕೆಗಳು ತಡೆದವು. ಇದರ ಕೀರ್ತಿ ಲೆಕ್ಸೆನ್‌ನಿಗೆಷ್ಟು, ಡಚ್ ಇಂಜಿನಿಯರರಿಗೆಷ್ಟು ಎಂಬ ವಾದ ಮುಂದೆ ಬಹುಕಾಲ ನಡೆಯಿತು.

‘ಆಸ್ಟ್ರೇಲಿಯಾ 2’ ಎಂಬ ಆ ನೌಕೆ ದಡಕ್ಕೆ ಬಂದಾಗಲೆಲ್ಲ ಕೀಲಿನ ಸುತ್ತ ಪರದೆ ಕಟ್ಟುತ್ತಿದ್ದರು. 1983ರ ಸೆಪ್ಟೆಂಬರ್ 26ರಂದು ನ್ಯೂಪೋರ್ಟಿನ ಬಳಿ ನಡೆದ ಏಳನೆಯ ಪಂದ್ಯದಲ್ಲಿ ಅದು ‘ಲಿಬರ್ಟಿ’ಯನ್ನು ಸೋಲಿಸಿ, 132 ವರ್ಷ ಅಮೆರಿಕನ್ನರ ವಶದಲ್ಲಿದ್ದ ಪಾತ್ರೆಯನ್ನು ಗೆದ್ದುಕೊಂಡಿತು. ಅಂದು ರಾತ್ರಿ ಕಟ್ಟೆಯಲ್ಲಿ ನೌಕೆಯನ್ನು ಮೇಲೆತ್ತಿದಾಗ ಪರದೆ ಇರಲಿಲ್ಲ. ನೀರು ಸೋರುತ್ತಿದ್ದ ಆ ರೆಕ್ಕೆಗಳನ್ನು ಮುಟ್ಟಿ ನೋಡಲು ಜನರು ಮುನ್ನುಗ್ಗಿದರು.