ಎಚ್‌ಐವಿ: ಮಾತ್ರೆಯ ಜೊತೆಗೆ ಪುನಶ್ಚೇತನವೂ ಇರಲಿ
ಎಆರ್‌ಟಿ ಮಾತ್ರೆ ವೈರಾಣುವನ್ನು ಹತ್ತಿಕ್ಕುತ್ತದೆ; ಸೋತ ಕೈಕಾಲಿಗೆ ಬಲ ತುಂಬುವುದು ಪುನಶ್ಚೇತನ ಚಿಕಿತ್ಸೆಯ ಕೆಲಸ. ಭಾರತದ ಸರ್ಕಾರಿ ಎಆರ್‌ಟಿ ಕೇಂದ್ರಗಳಲ್ಲಿ 2004ರಿಂದ ಮಾತ್ರೆ ಉಚಿತವಾಗಿ ಸಿಗುತ್ತಿದ್ದು, ಸೋಂಕಿತರು ದಶಕಗಟ್ಟಲೆ ಬಾಳುತ್ತಿದ್ದಾರೆ. ಆದರೂ ಕೆಲವರನ್ನು ಪಾದದ ಉರಿ, ಜೋಮು, ಸ್ನಾಯು ಸವೆತ, ಬಿಡದ ಸುಸ್ತು, ಮರೆವು ಕಾಡುತ್ತವೆ. ಮಿದುಳಿಗೆ ಕ್ಷಯ ತಗುಲಿದರೆ ಒಂದು ಮಗ್ಗುಲಿನ ಸ್ವಾಧೀನವೇ ತಪ್ಪಬಹುದು.

ಪಾದದ ನರ ಕುಂದಿದವರಿಗೆ ಚಪ್ಪಲಿ ಜಾರಿದ್ದಾಗಲಿ, ಮುಳ್ಳು ಚುಚ್ಚಿದ್ದಾಗಲಿ ಕೆಲವೊಮ್ಮೆ ತಿಳಿಯುವುದೇ ಇಲ್ಲ. ಇಂಥವರಿಗೆ ಫಿಸಿಯೋಥೆರಪಿಸ್ಟ್ ಗೋಡೆ ಹಿಡಿದು ಹಿಮ್ಮಡಿ ಎತ್ತುವುದನ್ನು, ಕೈಯೂರದೆ ಕುರ್ಚಿಯಿಂದ ಏಳುವುದನ್ನು ಕಲಿಸುತ್ತಾರೆ. ಹಿಂಬದಿ ಪಟ್ಟಿಯಿರುವ ಮೆತ್ತನೆಯ ಪಾದರಕ್ಷೆ ತೊಡಬೇಕು, ರಾತ್ರಿ ಅಂಗಾಲನ್ನು ನೋಡಿಕೊಳ್ಳಬೇಕು. ಆರೋಗ್ಯ ಸ್ಥಿರವಾಗಿರುವವರಿಗೆ ನಡಿಗೆ, ಹಗುರ ಭಾರ ಎತ್ತುವ ವ್ಯಾಯಾಮ ಅಪಾಯಕಾರಿಯಲ್ಲ. ಶ್ರಮಪಟ್ಟರೆ ವೈರಾಣು ಹೆಚ್ಚುತ್ತದೆಂಬ ಅಂಜಿಕೆಗೆ ಆಧಾರವಿಲ್ಲ. ಜ್ವರ, ತೀವ್ರ ತಲೆನೋವು, ಹೊಸದಾಗಿ ಕಾಣಿಸಿಕೊಂಡ ನಿಶ್ಶಕ್ತಿ ಇದ್ದರೆ ಮಾತ್ರ ಮೊದಲು ವೈದ್ಯರನ್ನು ಕಾಣಬೇಕು.

ಮೈ ಮುಟ್ಟಿ ಆರೈಕೆ ಮಾಡುವುದರಿಂದ ಸೋಂಕು ಹರಡದು. ಮನೆಯವರು ಇದನ್ನು ನಂಬಿದರೆ ಅರ್ಧ ಕೆಲಸ ಮುಗಿದಂತೆ.

ಕೆಲಸಕ್ಕೆ ಮರಳುವುದೂ ಪುನಶ್ಚೇತನವೇ. ಸೋಂಕಿನ ಕಾರಣಕ್ಕೆ ಉದ್ಯೋಗದಲ್ಲಿ, ಚಿಕಿತ್ಸೆಯಲ್ಲಿ ತಾರತಮ್ಯ ಮಾಡುವುದನ್ನು 2017ರ ಎಚ್‌ಐವಿ ಕಾಯ್ದೆ ನಿಷೇಧಿಸಿದೆ. ಮಾಹಿತಿ ಬೇಕಾದವರಿಗೆ ಉಚಿತ ಸಹಾಯವಾಣಿ 1097 ಇದೆ.