ಘರಪಟ್ಟಿಯಲ್ಲಿ ಮೋಸ ಕಂಡರೆ ಯಾರಿಗೆ ಹೇಳಬೇಕು?

ಗೋವಾದ ವಾಸ್ಕೋದ ಬಾಯ್ನಾ, ಝುವಾರಿನಗರದ ಬಾಡಿಗೆ ಖೋಲಿಗಳಲ್ಲಿ ಇರುವ ಉತ್ತರ ಕರ್ನಾಟಕದವರಿಗೆ ಮನೆ ತೆರಿಗೆ ಎಂದರೆ ಘರಪಟ್ಟಿ. "ಖೋಲಿಗೆ ಘರಪಟ್ಟಿ ಐತಿ" ಎಂದರೆ ಸಾಕು, ಕೊಳ್ಳುವವರು ಜಾಗದ ಕಾಗದ ಕೇಳುವುದನ್ನೇ ಮರೆಯುತ್ತಾರೆ. ಆ ರಸೀದಿ ಸಾರುವುದು ತೆರಿಗೆ ಸಂದಾಯವಾಗಿದೆ ಎಂಬುದನ್ನಷ್ಟೇ. ಜಾಗ ಯಾರದು, ಕಟ್ಟಡಕ್ಕೆ ಪರವಾನಗಿ ಇದೆಯೇ ಎಂಬುದಕ್ಕೆ ಅದು ಸಾಕ್ಷಿಯಲ್ಲ. 2015ರಲ್ಲಿ ಬಾಯ್ನಾ ಕಡಲತೀರದಲ್ಲಿ ಕನ್ನಡಿಗರ ಮನೆಗಳನ್ನು ಕೆಡವಿದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಘರಪಟ್ಟಿಯ ಮೋಸ ಹಲವು ಬಗೆ. ಎರಡು ಕೋಣೆಯ ಮನೆ ಎಂದು ಬರೆಸಿ ಹತ್ತು ಖೋಲಿ ಬಾಡಿಗೆಗೆ ಕೊಡುವುದು, ವಾಸದ ಮನೆ ಎಂದು ತೋರಿಸಿ ಗೆಸ್ಟ್‌ಹೌಸ್ ನಡೆಸುವುದು, ನಕಲಿ ರಸೀದಿ ಹಂಚುವುದು. ಕೊನೆಯದು ಬರೀ ತೆರಿಗೆ ತಪ್ಪಿಸುವ ಮಾತಲ್ಲ, ಫೋರ್ಜರಿ. ಅದಕ್ಕೆ ನೇರವಾಗಿ ಪೊಲೀಸ್ ಠಾಣೆಗೇ ದೂರು ಕೊಡಬಹುದು.

ಉಳಿದ ದೂರುಗಳನ್ನು ಕೊಡುವ ಮೊದಲು ಮನೆ ಯಾರ ವ್ಯಾಪ್ತಿಯಲ್ಲಿದೆ ಎಂದು ತಿಳಿಯಿರಿ. ಬಾಯ್ನಾ ಮುರ್ಮುಗಾಂವ್ ಪುರಸಭೆಗೆ ಸೇರಿದ್ದು, ಅಲ್ಲಿ ಅರ್ಜಿ ಮುಖ್ಯಾಧಿಕಾರಿಗೆ. ಝುವಾರಿನಗರ ಸಾಂಕವಾಳ ಪಂಚಾಯತಿಗೆ ಸೇರಿದ್ದು, ಅಲ್ಲಿ ಅರ್ಜಿ ಕಾರ್ಯದರ್ಶಿಗೆ, ಪ್ರತಿ ಬ್ಲಾಕ್ ಅಭಿವೃದ್ಧಿ ಅಧಿಕಾರಿಗೆ (ಬಿಡಿಒ). ಪಣಜಿ ನಗರದಲ್ಲಾದರೆ ಮಹಾನಗರ ಪಾಲಿಕೆಯ ಆಯುಕ್ತರಿಗೆ.

ದೂರಿಗಿಂತ ಮೊದಲು ಮಾಹಿತಿ ಹಕ್ಕಿನ ಅರ್ಜಿ ಹಾಕುವುದೇ ಜಾಣತನ. ಪಂಚಾಯತಿಯ ಗ್ರಾಮಸಭೆಯಲ್ಲೂ ವಿಷಯ ಎತ್ತಬಹುದು, ಆದರೆ ಅಲ್ಲಿ ಮಾತಾಡಲು ಆ ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ವೋಟು ಇನ್ನೂ ಗದಗದಲ್ಲೋ ವಿಜಯಪುರದಲ್ಲೋ ಇರುವವರಿಗೆ ಆ ಬಾಗಿಲು ಮುಚ್ಚಿದೆ. 2005ರ ಮಾಹಿತಿ ಹಕ್ಕು ಕಾಯ್ದೆಗೆ ಭಾರತದ ನಾಗರಿಕರಾಗಿದ್ದರೆ ಸಾಕು. ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಮನೆ ನಂಬರ್ ಬರೆದು, ತೆರಿಗೆ ರಿಜಿಸ್ಟರ್‌ನಲ್ಲಿ ಎಷ್ಟು ವಿಸ್ತೀರ್ಣ, ಯಾವ ಬಳಕೆ ಎಂದಿದೆ, ಯಾವ ವರ್ಷದವರೆಗೆ ಪಾವತಿಯಾಗಿದೆ, ಕಟ್ಟಡ ಪರವಾನಗಿಯ ಪ್ರತಿ ಇದೆಯೇ ಎಂದು ಕೇಳಿ. 30 ದಿನಗಳಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿನಗಳೊಳಗೆ ಮೊದಲ ಮೇಲ್ಮನವಿ. ಅದೂ ಫಲಿಸದಿದ್ದರೆ 90 ದಿನಗಳೊಳಗೆ ಗೋವಾ ರಾಜ್ಯ ಮಾಹಿತಿ ಆಯೋಗಕ್ಕೆ. ಜಾಗದ ಮಟ್ಟಿಗೆ ನಮೂನೆ 1 ಮತ್ತು 14 ನೋಡಿದರೆ ಸರ್ವೆ ನಂಬರ್ ಯಾರ ಹೆಸರಿನಲ್ಲಿದೆ ಎಂಬುದು ತಿಳಿಯುತ್ತದೆ.

ಇನ್ನು ದೂರಿನ ಭಾಷೆ. "ಮಾಲೀಕ ಕಳ್ಳ" ಎಂದು ಬರೆಯಬೇಡಿ. "ದಾಖಲೆಯಲ್ಲಿ ಎರಡು ಕೋಣೆ ಎಂದಿದೆ, ಸ್ಥಳದಲ್ಲಿ ಹತ್ತು ಖೋಲಿ ಬಾಡಿಗೆಗಿವೆ, ತಪಾಸಣೆ ಮಾಡಿ" ಎಂದರೆ ಸಾಕು. ಒಬ್ಬರಿಗೆ ಹಾನಿ ಮಾಡಿಸಲೆಂದೇ ಅಧಿಕಾರಿಗೆ ಸುಳ್ಳು ಮಾಹಿತಿ ಕೊಡುವುದು ಭಾರತೀಯ ನ್ಯಾಯ ಸಂಹಿತೆಯ 217ನೇ ಕಲಮಿನಡಿ ಅಪರಾಧ. ಕಂಡದ್ದನ್ನು ಕಂಡಷ್ಟೇ ಬರೆದವರು ಇದಕ್ಕೆ ಅಂಜಬೇಕಿಲ್ಲ. ಅರ್ಜಿ ಇಂಗ್ಲಿಷ್, ಕೊಂಕಣಿ ಅಥವಾ ಮರಾಠಿಯಲ್ಲಿರಲಿ. ನಿಮ್ಮ ಪ್ರತಿಯ ಮೇಲೆ ದಿನಾಂಕ ಸಹಿತ ಇನ್ವರ್ಡ್ ಸೀಲ್ ಹಾಕಿಸಿಕೊಳ್ಳದೆ ಕಿಟಕಿ ಬಿಟ್ಟು ಕದಲಬೇಡಿ. ಸೀಲಿಲ್ಲದ ಅರ್ಜಿ ಕೊಟ್ಟದ್ದಕ್ಕೆ ಪುರಾವೆಯೇ ಇರುವುದಿಲ್ಲ.

ಕಚೇರಿಯವರೇ ಲಂಚ ತಿಂದು ಸುಮ್ಮನಿದ್ದರೆ ದೂರು ವಿಚಕ್ಷಣಾ ನಿರ್ದೇಶನಾಲಯದ ಭ್ರಷ್ಟಾಚಾರ ನಿಗ್ರಹ ದಳಕ್ಕೆ. ಪರವಾನಗಿ ಇಲ್ಲದ ಕಟ್ಟಡದ ವಿಷಯವಾದರೆ ಗೋವಾ ಪಂಚಾಯತ್ ರಾಜ್ ಕಾಯ್ದೆ 1994ರ 66ನೇ ಕಲಮು ಇದೆ. ಪಂಚಾಯತಿ ಕೈಕಟ್ಟಿ ಕೂತರೆ ಪಂಚಾಯತ್ ಇಲಾಖೆಯ ಉಪ ನಿರ್ದೇಶಕರು ಕ್ರಮ ಕೈಗೊಳ್ಳಬಹುದು. 2025ರ ಮಾರ್ಚ್‌ನಲ್ಲಿ ಬಾಂಬೆ ಹೈಕೋರ್ಟ್‌ನ ಗೋವಾ ಪೀಠ ಅಕ್ರಮ ಕಟ್ಟಡಗಳ ಬಗ್ಗೆ ಸ್ಥಳೀಯ ಸಂಸ್ಥೆಗಳಿಗೆ ಬಿಗಿಯಾದ ಆದೇಶ ನೀಡಿದೆ.

ಆದರೆ ಒಂದು ಕಟು ಮಾತು ಹೇಳಲೇಬೇಕು. ನೀವು ವಾಸಿಸುವ ಖೋಲಿಯೇ ಅಕ್ರಮವಾಗಿದ್ದರೆ, ನಿಮ್ಮ ದೂರಿನಿಂದಲೇ ಅದು ಕೆಡವುವ ಪಟ್ಟಿಗೆ ಸೇರಬಹುದು. ಬೇರೆ ಮನೆ ಗೊತ್ತುಮಾಡಿಕೊಂಡು ಮುಂದುವರಿಯುವುದು ಹೇಡಿತನವೇನಲ್ಲ. ಕಟ್ಟಡ ಸಕ್ರಮವಾಗಿದ್ದು, ದೂರಿನ ಸಿಟ್ಟಿಗೆ ಮಾಲೀಕ ನೀರು, ಕರೆಂಟು ಕತ್ತರಿಸಿದರೆ, 1968ರ ಕಟ್ಟಡ ಬಾಡಿಗೆ ನಿಯಂತ್ರಣ ಕಾಯ್ದೆ ಜಾರಿಯಲ್ಲಿರುವ ಪ್ರದೇಶಗಳಲ್ಲಿ ರೆಂಟ್ ಕಂಟ್ರೋಲರ್ ಬಳಿ ಹೋಗಬಹುದು. ಅಲ್ಲಿ ಮೊದಲು ಕೇಳುವುದು ನೀವು ಬಾಡಿಗೆದಾರರು ಎಂಬುದಕ್ಕೆ ಆಧಾರ. ಬಾಡಿಗೆಯನ್ನು ಕೈಗೆ ಕೊಡುವ ಬದಲು ಫೋನ್‌ಪೇಯಲ್ಲೋ ಬ್ಯಾಂಕಿನಲ್ಲೋ ಹಾಕುವ ರೂಢಿಯನ್ನು ಈ ತಿಂಗಳಿನಿಂದಲೇ ಶುರುಮಾಡಿ.